ಹೆಸರು ಕೇಳುವ ನಗರ, ಹೆಸರು ಬಲ್ಲ ಊರು

ದೊಡ್ಡ ನಗರದಲ್ಲಿ ಸ್ವಾತಂತ್ರ್ಯವಿದೆ, ಆತ್ಮೀಯತೆ ಇಲ್ಲ; ಸಣ್ಣ ಊರಿನಲ್ಲಿ ಆತ್ಮೀಯತೆ ಇದೆ, ಸ್ವಾತಂತ್ರ್ಯವಿಲ್ಲ. ಬಹುಕಾಲದಿಂದ ನಾವು ನಂಬಿಕೊಂಡು ಬಂದ ಮಾತಿದು. ನಮ್ಮದೇ ಕಥೆಗಾರರನ್ನು ಗಮನವಿಟ್ಟು ಓದಿದರೆ ಇದು ಅರ್ಧಸತ್ಯವೆಂದು ತಿಳಿಯುತ್ತದೆ.

ಯಶವಂತ ಚಿತ್ತಾಲರ 'ಶಿಕಾರಿ' (1979) ಕಾದಂಬರಿಯ ನಾಗಪ್ಪ ಮುಂಬಯಿಯ ಕಂಪೆನಿಯೊಂದರ ಅಧಿಕಾರಿ. ಇದ್ದಕ್ಕಿದ್ದಂತೆ ಆತನನ್ನು ಕೆಲಸದಿಂದ ದೂರವಿಡಲಾಗುತ್ತದೆ. ತಾನು ಮಾಡಿದ ತಪ್ಪೇನೆಂದು ಆತನಿಗೆ ಯಾರೂ ಹೇಳುವುದಿಲ್ಲ. ಕೇಳೋಣವೆಂದರೆ ಯಾರ ಬಾಗಿಲು ತಟ್ಟಬೇಕೆಂದು ಗೊತ್ತಿಲ್ಲ. ಹಾಗೆಂದು ನಗರ ಆತನನ್ನು ಊರಿನಿಂದ ಬಿಡಿಸಿದೆಯೇ? ಅದೂ ಇಲ್ಲ. ಹುಟ್ಟೂರಿನ ಹಳೆಯ ಕಥೆಗಳು ಅಲ್ಲಿಯೂ ಬೆನ್ನಟ್ಟುತ್ತವೆ.

ಜಯಂತ ಕಾಯ್ಕಿಣಿಯವರ ಮುಂಬಯಿ ಹೆಚ್ಚು ಮೃದುವಾದುದು. ಅಲ್ಲಿ ಅಪರಿಚಿತರೇ ಬಂಧುಗಳಾಗುತ್ತಾರೆ. ಆದರೆ ಅವರ 'ನೋ ಪ್ರೆಸೆಂಟ್ಸ್ ಪ್ಲೀಸ್' ಕಥೆಯಲ್ಲಿ ಮದುವೆಯಾಗಲಿರುವ ಅನಾಥ ಜೋಡಿಗೆ ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸುವುದೇ ಸಮಸ್ಯೆ. ಹುಡುಗನಿಗೆ ಅಡ್ಡಹೆಸರಿಲ್ಲ. ಲಕ್ಷಾಂತರ ಜನರ ನಡುವೆ ಯಾರೂ ಯಾರನ್ನೂ ಕೇಳದ ನಗರ ಪತ್ರಿಕೆಯ ಹೊತ್ತಿಗೆ ಕುಲ ವಿಚಾರಿಸುತ್ತದೆ. ಬಾಡಿಗೆ ಮನೆ ಹುಡುಕಿಕೊಂಡು ಹೋಗಿ, ಹೆಸರು ಹೇಳಿದ ಮೇಲೆ 'ಮನೆ ಈಗಷ್ಟೇ ಹೋಯಿತು' ಎಂಬ ಉತ್ತರ ಕೇಳಿ ಬಂದವರಿಗೆ ಈ ಕಥೆಯನ್ನು ವಿವರಿಸಬೇಕಾಗಿಲ್ಲ.

ಇನ್ನು ಹಾಸನದ ಬಾನು ಮುಷ್ತಾಕ್ ಅವರ 'ಕರಿ ನಾಗರಗಳು'. 2004ರಲ್ಲಿ ಗಿರೀಶ್ ಕಾಸರವಳ್ಳಿ ಇದನ್ನು 'ಹಸೀನಾ' ಚಿತ್ರವಾಗಿಸಿದರು; 2025ರ ಅಂತಾರಾಷ್ಟ್ರೀಯ ಬೂಕರ್ ಪಡೆದ ಸಂಕಲನದಲ್ಲೂ ಈ ಕಥೆ ಇದೆ. ಗಂಡ ಬಿಟ್ಟುಹೋದ ಹೆಣ್ಣು ಮಗಳೊಬ್ಬಳು ನ್ಯಾಯ ಕೇಳಿ ಮಸೀದಿಯ ಮುಂದೆ ಕೂರುತ್ತಾಳೆ. ಮುತವಲ್ಲಿ ಕೈಚೆಲ್ಲುತ್ತಾನೆ, ಮಗು ಸಾಯುತ್ತದೆ. ಊರು ಎಲ್ಲವನ್ನೂ ಬಲ್ಲದು, ಆದರೂ ಸುಮ್ಮನಿರುತ್ತದೆ. ಆತ್ಮೀಯತೆಯ ನಿಜರೂಪವಿದು. ಆದರೆ ಕೊನೆಗೆ ಮೊಹಲ್ಲಾದ ಹೆಂಗಸರೇ ಆತನಿಗೆ ಬೀದಿಯಲ್ಲಿ ಶಾಪ ಹಾಕುತ್ತಾರೆ. ನಾಗಪ್ಪನಿಗೆ ಸಿಗದ ಒಂದು ಸಂಗತಿ ಇಲ್ಲಿದೆ: ತಪ್ಪು ಮಾಡಿದವನಿಗೆ ಒಂದು ಮುಖವಿದೆ, ಒಂದು ಮನೆಯಿದೆ, ಅವನು ನಾಳೆಯೂ ಅದೇ ಬೀದಿಯಲ್ಲಿ ನಡೆಯಬೇಕು.

ಹೀಗಿದ್ದೂ ಈ ಕೃತಿಗಳನ್ನು ನಾವು ಓದುವ ಬಗೆಯಲ್ಲೇ ಒಂದು ದೋಷವಿದೆ. ನಾಗಪ್ಪನ ಸಂಕಟವನ್ನು 'ಆಧುನಿಕ ಮನುಷ್ಯನ ಸ್ಥಿತಿ' ಎನ್ನುತ್ತೇವೆ. ಬಾನು ಅವರ ನಾಯಕಿಯ ಸಂಕಟವನ್ನು 'ಮುಸ್ಲಿಂ ಸಮಾಜದ ಸಮಸ್ಯೆ' ಎಂದು ಬದಿಗಿಡುತ್ತೇವೆ. ಮಹಾನಗರದವನು ಮನುಷ್ಯ, ಸಣ್ಣ ಊರಿನವಳು ಮಾತ್ರ ಒಂದು ಸಮುದಾಯ ಎಂದರೆ ಹೇಗೆ? ನ್ಯಾಯ ಕೇಳಲು ಹೋಗಿ ಉತ್ತರ ಸಿಗದೆ ಹಿಂತಿರುಗಿದವರು ಇಬ್ಬರೂ ಅಲ್ಲವೇ? ಆ ಹೆಣ್ಣುಮಗಳ ಪ್ರಶ್ನೆಯಿಂದ ಅವಳ ಸಮುದಾಯವೂ ನುಣುಚಿಕೊಳ್ಳಬಾರದು. ಅದು ಆ ಸಮುದಾಯಕ್ಕೆ ಮಾತ್ರ ಸೇರಿದ್ದೆಂದು ಉಳಿದವರೂ ಕೈತೊಳೆದುಕೊಳ್ಳಬಾರದು. ಇವೆರಡನ್ನೂ ಜೊತೆಗಿಟ್ಟು ಓದುವ ಅಭ್ಯಾಸ ನಮ್ಮ ವಿಮರ್ಶೆಗೆ ಇನ್ನಾದರೂ ಬರಬೇಕು.