ಶ್ರೀನಾಥ್ ಬೌಲಿಂಗನ್ನು ಅಳೆಯುವುದು ಹೇಗೆ? ಹೊಸ ರಸಿಕರಿಗೊಂದು ಕೈಪಿಡಿ

ಕೃಷ್ಣರಾಜನಗರದ ಸುತ್ತಮುತ್ತ ಕ್ರಿಕೆಟ್ ಎಂದರೆ ಹೆಚ್ಚಾಗಿ ಟೆನಿಸ್ ಬಾಲ್ ಟೂರ್ನಿ. ಕೆಲವೇ ಓವರಿನ ಆಟ, ಸಿಕ್ಸರಿಗೆ ಶಿಳ್ಳೆ, ಸಂಜೆಯೊಳಗೆ ಯಾರದೋ ಕೈಗೆ ಕಪ್ಪು. ಅಲ್ಲಿಂದ ಟೆಸ್ಟ್ ಕ್ರಿಕೆಟ್ಟಿನ ವೇಗದ ಬೌಲಿಂಗಿನತ್ತ ಕಣ್ಣು ಹೊರಳಿಸುವವರಿಗೆ ಎಲ್ಲರೂ ಮೊದಲು ತೋರಿಸುವುದು ಮೆಕ್‌ಗ್ರಾ, ಆಂಬ್ರೋಸ್, ವಾಸಿಂ ಅಕ್ರಂ ಅವರನ್ನು. ನಾನು ಹೇಳುವುದು, ನಮ್ಮ ಮೈಸೂರಿನ ಜಾವಗಲ್ ಶ್ರೀನಾಥ್ ಅವರಿಂದ ಶುರುಮಾಡಿ. ಮಹಾ ಬೌಲರುಗಳ ಹಿರಿಮೆ ಸ್ಕೋರ್ ಕಾರ್ಡಿನಲ್ಲೇ ಎದ್ದು ಕಾಣುತ್ತದೆ. ಅದಕ್ಕೆ ಪಳಗಿದ ಕಣ್ಣು ಬೇಕಿಲ್ಲ. ಅವರಿಗಿಂತ ಒಂದು ಮೆಟ್ಟಿಲು ಕೆಳಗೆ ನಿಂತವರ ಹೆಚ್ಚುಗಾರಿಕೆ ತಿಳಿಯಬೇಕಾದರೆ ಆಟವನ್ನೇ ಕೂತು ಓದಬೇಕು. ಹಾಗೆ ಓದಿದವರಿಗೆ, ಐಸಿಸಿ 2009ರಲ್ಲಿ ಆರಂಭಿಸಿದ ಹಾಲ್ ಆಫ್ ಫೇಮ್‌ನಲ್ಲಿ ಶ್ರೀನಾಥ್‌ಗೆ ಜಾಗ ಇರಬೇಕೇ ಎಂಬ ಪ್ರಶ್ನೆಗೂ ಉತ್ತರ ಹೊಳೆಯುತ್ತದೆ. ಇರಬೇಕು ಎಂಬುದು ನನ್ನ ವಾದ.

ವಾದಕ್ಕೆ ಎದುರಾಗಿರುವ ಅಂಕಿಗಳನ್ನೇ ಮೊದಲು ನೋಡೋಣ. 67 ಟೆಸ್ಟ್, 236 ವಿಕೆಟ್, ಸರಾಸರಿ (ಒಂದು ವಿಕೆಟ್ಟಿಗೆ ಕೊಟ್ಟ ರನ್, ಕಡಿಮೆಯಾದಷ್ಟೂ ಒಳ್ಳೆಯದು) 30.49. ಅದೇ ಕಾಲದ ಮೆಕ್‌ಗ್ರಾ ಸರಾಸರಿ 21.64, ಡೊನಾಲ್ಡ್ 22.25, ವಾಲ್ಶ್ 24.44. ಇವರ ಸಾಲಿನಲ್ಲಿ ನಿಲ್ಲಿಸಿದರೆ ಶ್ರೀನಾಥ್ ಹಿಂದೆ ಬೀಳುತ್ತಾರೆ, ಒಪ್ಪಲೇಬೇಕು. ಆದರೆ ಕೆ.ಆರ್.ನಗರದ ನಾಲೆ ನೀರಿನ ಗದ್ದೆಗೂ ಎಚ್.ಡಿ.ಕೋಟೆಯ ಮಳೆಯಾಶ್ರಿತ ಹೊಲಕ್ಕೂ ಒಂದೇ ಇಳುವರಿ ಕೇಳಿ ರೈತನ ಕಸುಬಿಗೆ ಬೆಲೆ ಕಟ್ಟಲಾಗುತ್ತದೆಯೇ? ಶ್ರೀನಾಥ್‌ಗೆ ತವರಿನಲ್ಲಿ ಸಿಕ್ಕಿದ್ದು ಸ್ಪಿನ್ನರುಗಳಿಗಾಗಿಯೇ ಹದಮಾಡಿದ ಪಿಚ್‌ಗಳು. 1991ರಲ್ಲಿ ಬ್ರಿಸ್ಬೇನ್‌ನಲ್ಲಿ ಮೊದಲ ಟೆಸ್ಟ್ ಆಡಿದ ಅವರು ಭಾರತದ ನೆಲದಲ್ಲಿ ಟೆಸ್ಟ್ ಆಡಲು 1994ರ ನವೆಂಬರ್‌ವರೆಗೆ ಕಾಯಬೇಕಾಯಿತು. ನಡುವೆ ತವರಿನಲ್ಲಿ ನಡೆದ ಏಳು ಟೆಸ್ಟ್‌ಗಳಲ್ಲಿ ಒಂದಕ್ಕೂ ಅವರನ್ನು ಆಡಿಸಲಿಲ್ಲ. ಹೀಗಿದ್ದೂ ಭಾರತದಲ್ಲಿ ಅವರ ಸರಾಸರಿ 26.61, ವಿದೇಶದಲ್ಲಿ 33.76. ವೇಗಕ್ಕೆ ಒದಗದ ನೆಲದಲ್ಲೇ ಹೆಚ್ಚು ಮೊನಚಾಗಿದ್ದ ವೇಗಿ ಇವರು. ಹೊಸ ರಸಿಕರು ಈ ಎರಡು ಸಂಖ್ಯೆಗಳನ್ನು ನೆನಪಿನಲ್ಲಿಟ್ಟುಕೊಂಡೇ ಆಟ ನೋಡಬೇಕು.

ನೋಡುವುದು ಏನನ್ನು? ಟೆನಿಸ್ ಚೆಂಡಿನಲ್ಲಿ ಆಡಿದವರಿಗೆ ಅಭ್ಯಾಸವಿಲ್ಲದ ಸಂಗತಿಯೆಂದರೆ ತೊಗಲಿನ ಚೆಂಡಿನ ಹೊಲಿಗೆ, ಆಟಗಾರರು ಸೀಮ್ ಎನ್ನುವುದು. ಚೆಂಡು ಕೈಬಿಡುವಾಗ ಅದು ನೆಟ್ಟಗಿದೆಯೇ, ನೆಲಕ್ಕೆ ತಾಗಿದ ಮೇಲೆ ಎತ್ತ ಹೊರಳಿತು ಎಂಬುದರ ಮೇಲೆ ಕಣ್ಣಿಡಿ. ಶ್ರೀನಾಥ್ ಅವರ ಮುಖ್ಯ ಅಸ್ತ್ರ ಬಲಗೈ ಬ್ಯಾಟ್ಸ್‌ಮನ್ನಿಗೆ ಒಳಕ್ಕೆ ನುಗ್ಗುವ ಚೆಂಡು. ಎತ್ತರದ ಆಳು, ಎತ್ತರದಿಂದಲೇ ಬಿಡುವ ಕೈ. ಹಾಗಾಗಿ ಆಫ್ ಸ್ಟಂಪಿನಾಚೆ ಬಿದ್ದದ್ದು ಬ್ಯಾಟಿಗೂ ಪ್ಯಾಡಿಗೂ ನಡುವಿನ ಸಂದಿಯನ್ನು ಹುಡುಕಿಕೊಂಡು ಬರುತ್ತಿತ್ತು. ಬರಬರುತ್ತ ನೆಲಕ್ಕೆ ತಾಗಿ ಹೊರಕ್ಕೆ ಹೊರಳುವ ಕಟರನ್ನೂ ನಿಧಾನದ ಚೆಂಡನ್ನೂ ಅವರು ಕೂಡಿಸಿಕೊಂಡರು. ಕೊರತೆಯನ್ನೂ ಗುರುತಿಸಿ: ವಿದೇಶದ ಪುಟಿಯುವ ಪಿಚ್‌ಗಳಲ್ಲಿ ಅವರ ಲೆಂತ್ (ಚೆಂಡು ನೆಲಕ್ಕೆ ಬೀಳುವ ಜಾಗ) ಎಷ್ಟೋ ಸಲ ಬೇಕಾದ್ದಕ್ಕಿಂತ ಗಿಡ್ಡವಾಗಿ, ಬ್ಯಾಟ್ಸ್‌ಮನ್ನಿಗೆ ಚೆಂಡನ್ನು ಆಡದೆ ಬಿಡಲು ಅನುಕೂಲವಾಗುತ್ತಿತ್ತು. 33.76ರಲ್ಲಿ ಒಂದು ಪಾಲು ಅದಕ್ಕೂ ಸೇರುತ್ತದೆ.

ಎರಡು ಟೆಸ್ಟ್‌ಗಳನ್ನು ಮಾತ್ರ ಬಿಡದೆ ನೋಡಿ. 1996ರ ನವೆಂಬರ್, ಅಹಮದಾಬಾದ್. ದಕ್ಷಿಣ ಆಫ್ರಿಕಾಕ್ಕೆ ಗೆಲ್ಲಲು ಬೇಕಿದ್ದದ್ದು 170. ಶ್ರೀನಾಥ್ 21 ರನ್ ಕೊಟ್ಟು 6 ವಿಕೆಟ್ ಕಿತ್ತರು, ಎದುರಾಳಿ 105ಕ್ಕೆ ಆಲೌಟ್. ಇನ್ನೊಂದು 1999ರ ಫೆಬ್ರವರಿಯ ಕೋಲ್ಕತ್ತಾ ಟೆಸ್ಟ್. ಮೊದಲ ಬೆಳಗ್ಗೆ ಪಾಕಿಸ್ತಾನ 26ಕ್ಕೆ 6 ವಿಕೆಟ್ ಕಳೆದುಕೊಂಡಿತು. ಎರಡನೇ ಇನ್ನಿಂಗ್ಸ್‌ನಲ್ಲಿ ಸಯೀದ್ ಅನ್ವರ್ ಅಜೇಯ 188 ಹೊಡೆದು ಒಂದು ತುದಿ ಕಾಯ್ದುಕೊಂಡರೆ, ಇನ್ನೊಂದು ತುದಿಯನ್ನು ಶ್ರೀನಾಥ್ ಬರಿದು ಮಾಡುತ್ತಲೇ ಹೋದರು: 86ಕ್ಕೆ 8. ಒಟ್ಟು 132ಕ್ಕೆ 13. ಭಾರತ ಸೋತದ್ದು 46 ರನ್‌ಗಳಿಂದ. ಬೌಲರೊಬ್ಬ ಮಾಡಬಹುದಾದ ಎಲ್ಲವನ್ನೂ ಮಾಡಿ ಮುಗಿಸಿದ ಮೇಲೂ ಪಂದ್ಯ ಕೈತಪ್ಪಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ನನಗೆ ಗೊತ್ತಿಲ್ಲ.

ಇಲ್ಲಿ ಆಕ್ಷೇಪ ಏಳುತ್ತದೆ: ದೊಡ್ಡ ಬೌಲರ್ ಎಂದರೆ ಗೆಲ್ಲಿಸುವವನು, ತೊಂಬತ್ತರ ದಶಕದಲ್ಲಿ ಭಾರತ ಹೊರದೇಶದಲ್ಲಿ ಗೆದ್ದದ್ದು 1993ರ ಕೊಲಂಬೊ ಟೆಸ್ಟ್ ಒಂದೇ ಅಲ್ಲವೇ? ನಿಜ. ಆದರೆ ಆ ಹೊಣೆ ಬೌಲರದೇ ಎನ್ನುವುದಕ್ಕೆ 1997ರ ಬಾರ್ಬಡೋಸ್ ಟೆಸ್ಟ್ ಅಡ್ಡ ಬರುತ್ತದೆ. ಭುಜದ ನೋವಿನಿಂದ ಶ್ರೀನಾಥ್ ಆ ಟೆಸ್ಟ್ ಆಡಿರಲಿಲ್ಲ. ಉಳಿದ ಬೌಲರುಗಳು ಗೆಲುವನ್ನು ಕೈಗಿತ್ತರೂ 120 ರನ್ ಬೆನ್ನಟ್ಟಿದ ತಂಡ 81ಕ್ಕೆ ಕುಸಿಯಿತು. 2003ರ ವಿಶ್ವಕಪ್ ಫೈನಲ್ಲಿನಲ್ಲಿ ಅವರು ಹತ್ತು ಓವರಿಗೆ 87 ರನ್ ಕೊಟ್ಟದ್ದನ್ನು ನೆನಪಿಸುವವರೂ ಇದ್ದಾರೆ. ಅದು ಅವರ ಕೊನೆಯ ಅಂತರರಾಷ್ಟ್ರೀಯ ಪಂದ್ಯ. ಅದರ ಹಿಂದಿನ 228 ಏಕದಿನ ಪಂದ್ಯಗಳನ್ನು ಒಂದು ಮಧ್ಯಾಹ್ನ ಅಳಿಸಲಾರದು. ಅವರ 315 ಏಕದಿನ ವಿಕೆಟ್‌ಗಳ ಲೆಕ್ಕವನ್ನು ಭಾರತದ ಇನ್ನಾವ ವೇಗಿಯೂ ಇನ್ನೂ ಮುಟ್ಟಿಲ್ಲ.

ಬಲವಾದ ಆಕ್ಷೇಪ ಇನ್ನೊಂದಿದೆ. ಇಂಥವರಿಗೆಲ್ಲ ಬಾಗಿಲು ತೆರೆದರೆ ಗೌರವದ ಬೆಲೆ ಇಳಿಯುವುದಿಲ್ಲವೇ? ಬಾಗಿಲು ಆಗಲೇ ತೆರೆದಿದೆ. 2025ರಲ್ಲಿ ಸೇರ್ಪಡೆಯಾದ ನ್ಯೂಜಿಲೆಂಡಿನ ಡೇನಿಯಲ್ ವೆಟೋರಿ ಅವರ ಬೌಲಿಂಗ್ ಸರಾಸರಿ 34.36. ವೆಟೋರಿ ನಾಲ್ಕೂವರೆ ಸಾವಿರ ಟೆಸ್ಟ್ ರನ್ ಕೂಡ ಹೊಡೆದವರು, ತಂಡ ನಡೆಸಿದವರು. ಸಣ್ಣ ತಂಡವೊಂದರ ಭಾರವನ್ನು ವರ್ಷಗಟ್ಟಲೆ ಹೊತ್ತದ್ದಕ್ಕೆ ಸಂದ ಮನ್ನಣೆ ಅದು, ಸರಿಯಾದ ಮನ್ನಣೆಯೇ. ಕಪಿಲ್ ದೇವ್ 1994ರಲ್ಲಿ ನಿವೃತ್ತರಾದ ಮೇಲೆ ಭಾರತದ ಹೊಸ ಚೆಂಡಿನ ಭಾರವನ್ನು ಹೊತ್ತವರಿಗೂ ಅದೇ ಅಳತೆ ಸಲ್ಲಬೇಕು. ಆದರೆ ಸರದಿ ತಪ್ಪಬಾರದು. ಮೈಸೂರಿನಲ್ಲೇ ಹುಟ್ಟಿದ ಬಿ.ಎಸ್. ಚಂದ್ರಶೇಖರ್ 58 ಟೆಸ್ಟ್‌ಗಳಲ್ಲಿ 242 ವಿಕೆಟ್ ಪಡೆದವರು. 2025ರ ಸೇರ್ಪಡೆಗಳವರೆಗೂ ಅವರ ಹೆಸರೇ ಅಲ್ಲಿಲ್ಲ. ಮೊದಲು ಚಂದ್ರಶೇಖರ್, ಅವರ ಹಿಂದೆಯೇ ಶ್ರೀನಾಥ್. ನೀವು ಒಪ್ಪಲೇಬೇಕೆಂದಿಲ್ಲ. ತೀರ್ಪು ಕೊಡುವ ಮೊದಲು ಕೋಲ್ಕತ್ತಾದ ಆ ಎಂಟು ವಿಕೆಟ್‌ಗಳನ್ನೊಮ್ಮೆ ನೋಡಿ, ವಿಕೆಟ್ ಬಿದ್ದ ಚೆಂಡಿನ ಜೊತೆಗೆ ಅದಕ್ಕೂ ಮುಂಚಿನ ಮೂರು ಚೆಂಡುಗಳನ್ನೂ ಸಿಕ್ಕರೆ ಬಿಡಬೇಡಿ.