‘ಚೆನ್ನಾಗಿದೆ’ ಎಂದರೆ ಸಾಲದು

ಶಾಲೆಯಲ್ಲಿ ಮಕ್ಕಳ ನೋಟುಬುಕ್ಕು ತಿದ್ದುವಾಗ ಪ್ರತಿ ಪುಟದ ಕೆಳಗೂ ‘ಉತ್ತಮ’ ಎಂದು ಬರೆದು ಸಹಿ ಹಾಕಿಬಿಟ್ಟರೆ ಕೆಲಸ ಬೇಗ ಮುಗಿಯುತ್ತದೆ. ಮಕ್ಕಳಿಗೂ ಸಂತೋಷ, ಮನೆಯವರಿಗೂ ಸಂತೋಷ. ಆದರೆ ‘ಲ’ಕಾರ ‘ಳ’ಕಾರ ಅದಲುಬದಲು ಮಾಡುವ ಹುಡುಗ ಹತ್ತನೆಯ ತರಗತಿಗೆ ಬಂದಾಗಲೂ ಹಾಗೆಯೇ ಬರೆಯುತ್ತಿರುತ್ತಾನೆ. ಸಾಗರದ ನಮ್ಮ ಹವ್ಯಾಸಿ ಚಿತ್ರಕಾರರ ವಿಷಯ ಬರೆಯಲು ಕುಳಿತಾಗ ನನಗೆ ಮೊದಲು ನೆನಪಾದದ್ದು ಈ ‘ಉತ್ತಮ’ವೇ.

ನಮ್ಮದು ದೊಡ್ಡ ಸಂಘವೇನಲ್ಲ. ಹೆಸರಿಲ್ಲ, ರಸೀತಿ ಪುಸ್ತಕವಿಲ್ಲ. ಬ್ಯಾಂಕಿನ ಗುಮಾಸ್ತರೊಬ್ಬರು, ನಿವೃತ್ತ ಕಾಂಪೌಂಡರು, ಅಂಚೆ ಕಚೇರಿಯ ಹುಡುಗಿ, ಇಬ್ಬರು ಗೃಹಿಣಿಯರು ಮತ್ತು ನಾನು ಭಾನುವಾರ ಮಧ್ಯಾಹ್ನ ಒಟ್ಟಿಗೆ ಕೂರುತ್ತೇವೆ. ಮೊದಲೆಲ್ಲ ಕ್ಯಾಲೆಂಡರಿನ ಚಿತ್ರಗಳನ್ನು ಪೋಸ್ಟರ್ ಬಣ್ಣದಲ್ಲಿ ನಕಲು ಮಾಡುತ್ತಿದ್ದೆವು. ಅದು ಬೇಸರವಾಗಿ, ಮೂರು ತಿಂಗಳಿಗೊಮ್ಮೆ ಯಾರಿಗೂ ಬಾರದ ಒಂದು ವಿಧಾನವನ್ನು ಹಿಡಿಯಬೇಕೆಂದು ನಿಯಮ ಮಾಡಿಕೊಂಡೆವು.

ಮೊದಲು ಹಿಡಿದದ್ದು ಒದ್ದೆ ಕಾಗದದ ಮೇಲಿನ ಜಲವರ್ಣ. ಕಾಗದವನ್ನು ನೀರಿನಲ್ಲಿ ನೆನೆಸಿ ಹಲಗೆಗೆ ಅಂಟಿಸಬೇಕು. ಮೇಲಿನ ನೀರಿನ ಹೊಳಪು ಆರಿ, ಒಳಗಿನ ತೇವ ಉಳಿದಿರುವ ಹೊತ್ತಿನಲ್ಲೇ ಬಣ್ಣ ಇಡಬೇಕು. ಅವಸರ ಮಾಡಿದರೆ ಎಲ್ಲವೂ ಕಲಸಿಹೋಗುತ್ತದೆ. ಅರ್ಧ ಆರಿದ ಬಣ್ಣಕ್ಕೆ ನೀರು ತಾಗಿದರೆ ಹೂಕೋಸಿನ ಅಂಚಿನಂಥ ಕಲೆ ಏಳುತ್ತದೆ. ಎಲ್ಲಕ್ಕಿಂತ ಕಷ್ಟದ್ದು ಬಿಳುಪು. ಪೋಸ್ಟರ್ ಬಣ್ಣದಲ್ಲಿ ತಪ್ಪಾದರೆ ಮೇಲೆ ಬಿಳಿ ಬಳಿದು ಮುಚ್ಚಬಹುದು. ಇಲ್ಲಿ ಬಿಳುಪೆಂದರೆ ಬಣ್ಣ ಹಚ್ಚದೆ ಬಿಟ್ಟ ಕಾಗದವೇ. ತಪ್ಪು ಮುಚ್ಚುವ ಅಭ್ಯಾಸವಿದ್ದ ನಮ್ಮ ಕೈಗಳಿಗೆ, ಬಿಡುವುದನ್ನು ಕಲಿಯುವುದು ಸುಲಭವಾಗಲಿಲ್ಲ.

ಎಲ್ಲರೂ ಹೊಸಬರಾದ್ದರಿಂದ ಒಬ್ಬರ ಧೈರ್ಯ ಒಬ್ಬರು ಕೆಡಿಸಬಾರದೆಂದು ಎಲ್ಲ ಹಾಳೆಗೂ ‘ಚೆನ್ನಾಗಿದೆ’ ಎಂದೆವು. ಆ ದಿನಗಳಲ್ಲೇ ಗೃಹಿಣಿಯರಲ್ಲೊಬ್ಬರು, ತೀರಿಕೊಂಡ ತಮ್ಮ ಯಜಮಾನರು ಕೂರುತ್ತಿದ್ದ ಬೆತ್ತದ ಕುರ್ಚಿಯನ್ನು ಬರೆದು ತಂದರು. ನಾವು ಅದಕ್ಕೂ ‘ಚೆನ್ನಾಗಿದೆ’ ಎಂದು ಚಹಾ ಕುಡಿದೆವು. ಮುಂದಿನ ಭಾನುವಾರದಿಂದ ಅವರು ಬರಲಿಲ್ಲ. “ಅಲ್ಲಿ ಎಲ್ಲದಕ್ಕೂ ಒಂದೇ ಮಾತು” ಎಂದು ಯಾರ ಹತ್ತಿರವೋ ಹೇಳಿದರಂತೆ.

ಆ ಮಾತು ನನ್ನೊಳಗೆ ಮುಳ್ಳಿನಂತೆ ಉಳಿಯಿತು. ಆದ್ದರಿಂದ ರಾಜ್ಯೋತ್ಸವಕ್ಕೆ ನಾವು ಏರ್ಪಡಿಸಿದ ಪುಟ್ಟ ಪ್ರದರ್ಶನದ ಬಗ್ಗೆ ಇಲ್ಲಿ ಕಂಡದ್ದನ್ನು ಕಂಡಂತೆ ಬರೆಯುತ್ತೇನೆ. ಕಾಂಪೌಂಡರ್ ಬರೆದ ಶರಾವತಿ ಹಿನ್ನೀರು ಎಲ್ಲಕ್ಕಿಂತ ಮೇಲಾಗಿತ್ತು. ಕಾರಣ ಇಷ್ಟೇ, ಅವರು ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿದ್ದರು. ಅರ್ಧ ಹಾಳೆ ಖಾಲಿ, ಅದೇ ನೀರು. ಗುಮಾಸ್ತರು ಲಿನೋ ಕೆತ್ತಿ ಅಚ್ಚೊತ್ತಿದ ಯಕ್ಷಗಾನದ ವೇಷದಲ್ಲಿ ಕಿರೀಟ ಬಿಗಿಯಾಗಿತ್ತು, ಮುಖ ಮಾತ್ರ ಕಪ್ಪು ಮುದ್ದೆ. ನನ್ನ ‘ಇಕ್ಕೇರಿಯಲ್ಲಿ ಮಳೆ’ಯಲ್ಲಿ ಅಘೋರೇಶ್ವರನ ಗುಡಿಯ ಒಂದೊಂದು ಕಂಬವನ್ನೂ ತಿದ್ದಿ ತಿದ್ದಿ ಕಾಗದವೇ ಸವೆದಿತ್ತು. ಬಂದವರೆಲ್ಲ ಹೊಗಳಿದರು. ಅಂಚೆ ಕಚೇರಿಯ ಹುಡುಗಿ ಮಾತ್ರ ಮೆಲ್ಲಗೆ, “ಟೀಚರ್, ಗುಡಿ ಇದೆ. ಮಳೆ ಎಲ್ಲಿ?” ಎಂದಳು. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮರುವಾರ ಬೇರೆ ಹಾಳೆ ನೆನೆಸಿದೆ. ಮೂರನೆಯ ಹಾಳೆಯಲ್ಲಿ ಕಂಬಗಳು ಅರ್ಧ ಕರಗಿದವು, ಮಳೆ ಬಂತು.

ತೀರಾ ಸೋತದ್ದು ನಮ್ಮ ಚಿತ್ತಾರಗಳು. ದೀವರ ಹೆಣ್ಣುಮಕ್ಕಳ ಈ ಕಲೆ ನಮ್ಮ ಸೀಮೆಯದೇ. ಕೆಮ್ಮಣ್ಣು ಸಾರಿಸಿದ ಗೋಡೆ, ಅರೆದ ಅಕ್ಕಿಯ ಬಿಳುಪು, ಹುರಿದು ಕರಿದಾದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಮದುವೆಯಲ್ಲಿ ಅದು ಹಸೆಗೋಡೆಯ ಮೇಲೆ ಬರುತ್ತದೆ. ಭೂಮಿ ಹುಣ್ಣಿಮೆಯಲ್ಲಿ ಗದ್ದೆಗೆ ಹೊರುವ ಭೂಮಣ್ಣಿ ಬುಟ್ಟಿಯ ಮೇಲೆ ಬರುತ್ತದೆ. ನಾವು ಎರಡು ಭಾನುವಾರ ಕಲಿತು ಡ್ರಾಯಿಂಗ್ ಶೀಟಿನ ಮೇಲೆ ಎಳೆದು, ಕಟ್ಟು ಹಾಕಿಸಿ, ಕೆಳಗೆ ದೊಡ್ಡದಾಗಿ ನಮ್ಮ ಹೆಸರು ಬರೆದೆವು. ಅದು ಅಭ್ಯಾಸದ ಹಾಳೆ ಎಂದು ಬರೆದಿದ್ದರೆ ಮರ್ಯಾದೆ ಉಳಿಯುತ್ತಿತ್ತು.

ಆದರೆ ಹೇಗೆ ಹುರಿದುಂಬಿಸಬೇಕೆಂದು ನಮಗೆ ತೋರಿಸಿಕೊಟ್ಟವರು ಚಿತ್ತಾರ ಕಲಿಸಲು ಬಂದಿದ್ದ ಆ ಅಜ್ಜಿಯೇ. ನನ್ನ ಹಾಳೆ ನೋಡಿ, “ಅಮ್ಮಾ, ಈ ಗೆರೆ ಹೆದ್ರಕಂಡದೆ. ಆ ಮೂಲೇದು ಸರಿ ಬಂದದೆ, ಹಂಗೇ ಎಳೀರಿ” ಎಂದರು. ತಪ್ಪು ಎಲ್ಲಿದೆ, ಸರಿ ಎಲ್ಲಿದೆ, ಮುಂದೇನು ಮಾಡಬೇಕು ಎಂಬ ಮೂರೂ ಆ ಎರಡು ಮಾತಿನಲ್ಲಿದ್ದವು. ಬಿ.ಎಡ್. ತರಗತಿಯಲ್ಲಿ ನಾನು ಓದಿದ ಮೌಲ್ಯಮಾಪನ ಇದಕ್ಕಿಂತ ಹೆಚ್ಚಿನದೇನಲ್ಲ.

ನಮ್ಮಂಥವರು ಬೇರೆ ಕಡೆಯೂ ಇದ್ದರೆಂದು ಓದಿ ತಿಳಿದಾಗ ನನಗೆ ಧೈರ್ಯ ಬಂತು. ಇಂಗ್ಲೆಂಡಿನ ಆಶಿಂಗ್ಟನ್ ಎಂಬ ಕಲ್ಲಿದ್ದಲು ಗಣಿಯ ಊರಿನಲ್ಲಿ 1934ರಲ್ಲಿ ಕೆಲವು ಕಾರ್ಮಿಕರು ಕಲೆಯ ವಿಷಯ ತಿಳಿಯಲು ಸಂಜೆ ತರಗತಿ ಸೇರಿದರು. ಕಲಿಸಲು ಬಂದ ರಾಬರ್ಟ್ ಲಯನ್ ಹಳೆಯ ಮಹಾಕೃತಿಗಳ ಚಿತ್ರ ತೋರಿಸಿದ್ದು ಅವರಿಗೆ ರುಚಿಸಲಿಲ್ಲ. ಆಗ ಆತ ಅವರ ಕೈಗೇ ಉಳಿ, ಕುಂಚ ಕೊಟ್ಟ. ಲಿನೋ ಕೆತ್ತಿದರು, ಬಣ್ಣ ಹಿಡಿದರು, ತಾವು ಬಲ್ಲ ಗಣಿಯನ್ನೂ ಮನೆಯನ್ನೂ ಬರೆದರು. ವಾರವಾರ ತಂದ ಚಿತ್ರಗಳನ್ನು ಎದುರಿಗಿಟ್ಟುಕೊಂಡು ಎಲ್ಲರೂ ಕೂಡಿ ಚರ್ಚಿಸಿದರು. 1936ರಲ್ಲಿ ನ್ಯೂಕ್ಯಾಸಲ್‌ನ ಹ್ಯಾಟನ್ ಗ್ಯಾಲರಿಯಲ್ಲಿ ಅವರ ಪ್ರದರ್ಶನವಾಯಿತು. ಆದರೂ ಗಣಿಯ ಕೆಲಸ ಬಿಡಲಿಲ್ಲ. ಅವರ ಚಿತ್ರಗಳು ಇಂದು ವುಡ್‌ಹಾರ್ನ್ ಗಣಿಯ ವಸ್ತುಸಂಗ್ರಹಾಲಯದಲ್ಲಿವೆ. ಅವರನ್ನು ಅಷ್ಟು ವರ್ಷ ಒಟ್ಟಿಗೆ ಕಟ್ಟಿಹಾಕಿದ್ದು ಬರೀ ಹೊಗಳಿಕೆಯಾಗಿರಲಾರದು, ಒಬ್ಬರ ಚಿತ್ರವನ್ನು ಇನ್ನೊಬ್ಬರು ನಿಜವಾಗಿ ನೋಡುತ್ತಿದ್ದರೆಂಬುದೇ ಇರಬೇಕು.

ಬಾರದ ವಿಧಾನವನ್ನು ಹಿಡಿಯುವುದರ ಲಾಭವೂ ಅದೇ. ಅಲ್ಲಿ ಯಾರೂ ಪಂಡಿತರಲ್ಲವಾದ್ದರಿಂದ ತಪ್ಪು ಹೇಳಿದರೆ ಅವಮಾನವಿಲ್ಲ. ಆ ಅನುಕೂಲವನ್ನು ನಾವು ಸುಳ್ಳು ಉಪಚಾರದಲ್ಲಿ ಹಾಳುಮಾಡಿಕೊಂಡೆವು.

ಹೋದ ತಿಂಗಳು ಆ ಗೃಹಿಣಿಯ ಮನೆಗೆ ಹೋಗಿದ್ದೆ. ಕುರ್ಚಿಯ ಚಿತ್ರ ತರಿಸಿ, ಕಿಟಕಿಯ ಬೆಳಕಿಗೆ ಹಿಡಿದು, ಈ ಸಲ ನಿಧಾನವಾಗಿ ನೋಡಿದೆ. “ಸವೆದ ಕೈಹಿಡಿ ನೋಡಿದರೆ ಅವರು ಈಗಷ್ಟೇ ಎದ್ದು ಹೋದ ಹಾಗಿದೆ. ಆದರೆ ಹಿಂದಿನ ಕಾಲು ನೆಲ ಮುಟ್ಟಿಲ್ಲ, ಅಲ್ಲಿ ನೆರಳು ಬೇಕು” ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಎಲ್ಲಿ, ತೋರಿಸಿ ಟೀಚರ್” ಎನ್ನುತ್ತ ಕನ್ನಡಕ ಹುಡುಕತೊಡಗಿದರು.