ಗೋಡೆ ದಾಟುವ ಡಬ್ಬಿ

ಕೋಗಳಿ ಸೀಮೆಯ ಹಳೆಯ ಮಾಳಿಗೆ ಮನೆಗಳ ಗೋಡೆ ಎಂದರೆ ಗೋಡೆ! ಕಲ್ಲು, ಮಣ್ಣಿನಲ್ಲಿ ದಪ್ಪಗೆ ಎದ್ದದ್ದು. ಬೇಸಿಗೆಯ ಬಿಸಿಲನ್ನು ಒಳಗೆ ಬಿಡದ ಆ ಗೋಡೆ ವೈಫೈಯನ್ನೂ ಬಿಡುವುದಿಲ್ಲ. ಪಡಸಾಲೆಯಲ್ಲಿ ರೂಟರ್ ಇಟ್ಟರೆ ಅಡುಗೆಮನೆಯ ಫೋನು ಸುಮ್ಮನೆ ಚಕ್ರ ತಿರುಗಿಸುತ್ತಿರುತ್ತದೆ.

ಇಂಥ ಮನೆಗೆ ಹೇಳಿ ಮಾಡಿಸಿದ್ದು ಮೆಶ್ ವೈಫೈ. ಎರಡೋ ಮೂರೋ ಡಬ್ಬಿ. ಹೆಸರು, ಪಾಸ್‌ವರ್ಡ್ ಮಾತ್ರ ಒಂದೇ. ಮಾತಾಡುತ್ತಲೇ ಹಿತ್ತಿಲಿಗೆ ನಡೆದರೆ ಫೋನು ಒಂದು ಡಬ್ಬಿಯ ಕೈಬಿಟ್ಟು ಇನ್ನೊಂದರ ಕೈ ಹಿಡಿಯುತ್ತದೆ. ಡಬ್ಬಿಯನ್ನು ಗೋಡೆಯ ಮರೆಗಲ್ಲ, ಬಾಗಿಲಿನ ನೇರಕ್ಕೆ ಇಡಬೇಕು. ಕೈಚಳಕ ಇರುವುದೇ ಅಲ್ಲಿ. ಅದಕ್ಕೂ ಬಗ್ಗದಿದ್ದರೆ ನಡುವೆ ಒಂದು ಲ್ಯಾನ್ ಕೇಬಲ್ ಎಳೆದರಾಯಿತು.

ಕೇಬಲ್ ಬಾರದ ಹೊಲದ ಮನೆಗೆ ಇಂಟರ್ನೆಟ್ ಆಕಾಶದಿಂದಲೇ ಇಳಿಯಬೇಕು. 2018ರ ಡಿಸೆಂಬರ್‌ನಲ್ಲಿ ಹಾರಿದ ಇಸ್ರೋದ ಜಿಸ್ಯಾಟ್-11 ಉಪಗ್ರಹ ಅಂಥ ಕೆಲಸಕ್ಕೇ ಹುಟ್ಟಿದ್ದು. ಅದನ್ನು ಕಕ್ಷೆಯಲ್ಲಿ ಕೂರಿಸಿದವರು ನಮ್ಮ ಹಾಸನದ ನಿಯಂತ್ರಣ ಕೇಂದ್ರದವರು. ಉಪಗ್ರಹದ ಸಿಗ್ನಲ್ ಹಿಡಿಯುವ ಛತ್ರಿಯ (ಡಿಶ್) ಮೋಡೆಮ್‌ನಿಂದ ಬಂದ ತಂತಿ ಮೆಶ್‌ನ ಮೊದಲ ಡಬ್ಬಿಗೆ. ಮೋಡೆಮ್‌ನ ಸ್ವಂತ ವೈಫೈ ಆರಿಸಿ ಬ್ರಿಡ್ಜ್ ಮೋಡ್‌ಗೆ ಹಾಕುವುದು. ಒಂದು ಮನೆಗೆ ಇಬ್ಬರು ಯಜಮಾನರು ಬೇಡ ನೋಡಿ. ಆ ಸೌಲಭ್ಯವಿಲ್ಲದಿದ್ದರೆ ಮೆಶ್ಶನ್ನೇ ಆಕ್ಸೆಸ್ ಪಾಯಿಂಟ್ ಮಾಡಬಹುದು.

ಉಪಗ್ರಹದವರೆಗೆ ಸುಮಾರು 36,000 ಕಿ.ಮೀ. ಏರಿ ಇಳಿಯುವ ಮಾತಿಗೆ ಉತ್ತರ ಬರಲು ಅರ್ಧ ಸೆಕೆಂಡಾದರೂ ಬೇಕು. ಅದನ್ನು ಯಾವ ಡಬ್ಬಿಯೂ ಕಮ್ಮಿ ಮಾಡದು. ಅಂದಹಾಗೆ, 1975ರಲ್ಲಿ ರಾಯಚೂರು ಕಡೆಯ ಹಳ್ಳಿಗಳಿಗೆ ಉಪಗ್ರಹದ ಟಿವಿ ತಂದ ಛತ್ರಿಗಳಿಗೆ ಹೊದಿಸಿದ್ದು ಕೋಳಿಗೂಡಿನ ಜಾಲರಿ. ಮೆಶ್ ಅಂದರೂ ಜಾಲರಿಯೇ ತಾನೆ!